ಮೂರನೆಯವನ ಪಾಲು

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)

ದಕ್ಷಿಣ ಆಫ್ರಿಕಾದ ಜುಲು ಜನರ ಬಗ್ಗೆ ಇವತ್ತು ಮಾತಾಡ್ತೀನಿ. ಜುಲು ಅಂದ ಕೂಡಲೆ ನಮ್ಮ ಕಣ್ಣ ಮುಂದೆ ಬರೋದು ಚರ್ಮದ ಗುರಾಣಿ ಹಿಡಿದು ಕೂಗ್ತಾ ಓಡಿಬರೋ ಸಿನಿಮಾದ ಕರಿಯರು. ಬಿಳಿಯರು ಬರೆದ ಎಷ್ಟೋ ಪುಸ್ತಕಗಳಲ್ಲೂ ಅವರು ಇಷ್ಟೇ. ಹುಟ್ಟಿದಾರಭ್ಯ ಕಾದಾಡೋ ಜನ. ಅಣ್ಣನನ್ನ ಕೊಂದು ತಮ್ಮ ಪಟ್ಟಕ್ಕೇರೋ ಜನ. ತಮ್ಮನ್ನ ತಾವು ಆಳಿಕೊಳ್ಳೋಕೆ ಬಾರದ ಜನ. ಈ ಮಾತಿನ ಧಾಟಿ ನಿಮಗೆ ಹೊಸದಲ್ಲ. "ಇವರ ಕೈಗೆ ಅಧಿಕಾರ ಕೊಟ್ಟರೆ ಇವರಿವರೇ ಬಡಿದಾಡಿಕೊಂಡು ಸಾಯ್ತಾರೆ" ಅನ್ನೋ ಮಾತು ನಮ್ಮ ಕಿವಿಗೂ ಬಿದ್ದಿದೆ.

ಇದಕ್ಕೆ ಉತ್ತರವಾಗಿ ನಮ್ಮಂಥ ಹುಡುಗರು ಸಿಟ್ಟಿನಲ್ಲಿ ಹೇಳೋ ಮಾತು ಒಂದಿದೆ: ಎಲ್ಲ ಬಿಳಿಯನ ಕುತಂತ್ರ, ಅವನು ಬರೋವರೆಗೆ ಅಣ್ಣತಮ್ಮಂದಿರು ಹಾಲುಜೇನಿನಂತೆ ಇದ್ದರು. ಇದೂ ನಿಜ ಅಲ್ಲ. ಬಿರುಕು ಮೊದಲೇ ಇತ್ತು. ಆ ಬಿರುಕಿಗೆ ಬೆಣೆ ಹೊಡೆದವನು ಯಾರು, ಹೊಡೆಯಲಿ ಅಂತ ಸುತ್ತಿಗೆ ಕೈಗೆ ಕೊಟ್ಟವನು ಯಾರು, ಕೊನೆಗೆ ನೆಲ ಯಾರ ಪಾಲಾಯ್ತು? ಇದನ್ನ ಒಂದೊಂದಾಗಿ ನೋಡೋಣ.

ಮೊದಲು ಬಿರುಕಿನ ವಿಚಾರ. ಜುಲು ರಾಜನಿಗೆ ಹಲವು ಹೆಂಡಿರು, ಹಲವು ಮನೆಗಳು. ಹಿರಿಮಗನಿಗೇ ಪಟ್ಟ ಅನ್ನೋ ಕಟ್ಟುನಿಟ್ಟು ಇರಲಿಲ್ಲ. ಪಟ್ಟದ ರಾಣಿ ಯಾರು ಅನ್ನೋದೇ ಎಷ್ಟೋ ಸಲ ತಡವಾಗಿ ಗೊತ್ತಾಗೋದು. ಬೇಗ ವಾರಸುದಾರನ ಹೆಸರು ಹೇಳಿದರೆ ಅವನೇ ಕತ್ತಿ ಹಿಡಿದು ಬಂದಾನು ಅನ್ನೋ ಭಯ ರಾಜನಿಗೆ. ಹೇಳದೇ ಇದ್ದರೆ ಮಕ್ಕಳು ಮಕ್ಕಳೇ ಹೊಡೆದಾಡ್ತಾರೆ.

ಇನ್ನು ಸಾಮಾನ್ಯ ಜನರ ಬದುಕು. ಪ್ರಾಯಕ್ಕೆ ಬಂದ ಹುಡುಗರನ್ನ ಒಂದೊಂದು ವಯಸ್ಸಿನವರನ್ನಾಗಿ ಸೇರಿಸಿ ಪಡೆ ಕಟ್ಟೋರು. ಅದಕ್ಕೆ ಅಮಾಬುಥೋ ಅಂತ ಹೆಸರು. ರಾಜನ ಹೊಲ ಉಳೋದು, ದನ ಕಾಯೋದು, ಯುದ್ಧ ಮಾಡೋದು ಎಲ್ಲ ಇವರೇ. ರಾಜ ಅಪ್ಪಣೆ ಕೊಡೋವರೆಗೆ ಮದುವೆ ಇಲ್ಲ. ಮದುವೆಗೆ ತೆರ ಕೊಡಬೇಕು, ತೆರ ಅಂದ್ರೆ ದನ. ದನ ಇಲ್ಲದವನಿಗೆ ಹೆಣ್ಣಿಲ್ಲ, ಮನೆಯಿಲ್ಲ. ಆದ್ದರಿಂದ ಇಬ್ಬರು ರಾಜಕುಮಾರರು ಪಟ್ಟಕ್ಕೆ ಕಾದಿದಾಗ ಹಿಂದೆ ನಿಂತ ಬಡವ ಬರೀ ರಾಜಭಕ್ತಿಯಿಂದ ನಿಂತವನಲ್ಲ. ಸೋತ ಪಕ್ಷದ ದನಗಳು ಗೆದ್ದ ಪಕ್ಷದ ಹಟ್ಟಿ ಸೇರ್ತಿದ್ದವು. ಅವನ ಇಡೀ ಬಾಳು ಆ ಹಟ್ಟಿಯೊಳಗಿತ್ತು.

ಈಗ ಕಥೆ ಕೇಳಿ.

ಶಾಕಾ ಪಟ್ಟಕ್ಕೆ ಬಂದದ್ದು 1816ರ ಸುಮಾರಿಗೆ. ಅದೂ ದಾಯಾದಿ ಕಾಳಗವೇ. ಅಪ್ಪ ಸೆಂಜಂಗಖೋನಾ ಸತ್ತಾಗ ಇನ್ನೊಬ್ಬ ಮಗ ಸಿಗುಜಾನ ಪಟ್ಟದ ಮೇಲಿದ್ದ. ಅವನನ್ನ ತೆಗೆಸಿ, ನೆರೆಯ ಎಂಥೆಥ್ವಾ ಕುಲದ ದೊರೆ ಡಿಂಗಿಸ್ವಾಯೋನ ಬೆಂಬಲದಿಂದ ಶಾಕಾ ಮೇಲೆ ಬಂದ. ಹೊರಗಿನವನ ಬೆನ್ನು ಹತ್ತಿ ಪಟ್ಟಕ್ಕೇರೋದು ಬಿಳಿಯ ಕಲಿಸಿದ ಪಾಠ ಅಲ್ಲ ಅಂತ ಇದಕ್ಕೇ ಹೇಳಿದ್ದು. 1828ರ ಸೆಪ್ಟೆಂಬರಿನಲ್ಲಿ ಮಲತಮ್ಮಂದಿರಾದ ಡಿಂಗಾನೆ, ಎಂಹ್ಲಂಗಾನ ಇಬ್ಬರೂ ಶಾಕಾನ ಆಪ್ತ ಸೇವಕ ಎಂಬೋಫಾನ ಜೊತೆಗೂಡಿ ಅವನನ್ನ ಇರಿದು ಕೊಂದರು. ಸ್ವಲ್ಪ ದಿನಕ್ಕೇ ಡಿಂಗಾನೆ ಎಂಹ್ಲಂಗಾನನನ್ನೂ ಕೊಲ್ಲಿಸಿದ, ಎಂಬೋಫಾನನ್ನೂ ಕೊಲ್ಲಿಸಿದ. ಎಂಪಾಂಡೆ ಅನ್ನೋ ಒಬ್ಬ ತಮ್ಮನನ್ನ ಮಾತ್ರ ಇವನಿಂದ ಏನಾಗುತ್ತೆ ಅಂತ ಬಿಟ್ಟ.

ಇಲ್ಲೀವರೆಗೆ ನೆಲ ಮನೆಯೊಳಗೇ ಇತ್ತು. ಕೊಲೆಗಳು ಆದವು, ಆದರೆ ನೆಲ ಹೊರಗೆ ಹೋಗಲಿಲ್ಲ.

1837ರಲ್ಲಿ ಬೋಯರರು ಬಂದರು. ಇವರು ಡಚ್ ಮೂಲದ ಬಿಳಿ ರೈತರು. ಕೇಪ್ ಪ್ರಾಂತ್ಯದ ಬ್ರಿಟಿಷ್ ಆಡಳಿತ ಬೇಡ ಅಂತ ಗಾಡಿ ಕಟ್ಟಿಕೊಂಡು ನೆಲ ಹುಡುಕ್ತಾ ಹೊರಟವರು. ಅವರ ಮುಖಂಡ ಪೀಟ್ ರೆಟೀಫ್‌ನನ್ನೂ ಅವನ ಜೊತೆಗಾರರನ್ನೂ ಡಿಂಗಾನೆ 1838ರ ಫೆಬ್ರವರಿ 6ರಂದು ಕೊಲ್ಲಿಸಿದ. ಅದೇ ವರ್ಷ ಡಿಸೆಂಬರ್ 16ರಂದು ಎನ್ಕೋಮೆ ಹೊಳೆಯ ದಡದಲ್ಲಿ, ಗಾಡಿಗಳ ಕೋಟೆಯೊಳಗಿಂದ ಬೋಯರರು ಹಾರಿಸಿದ ಗುಂಡಿಗೆ ಸುಮಾರು 3,000 ಜುಲುಗಳು ಸತ್ತರು. ಬೋಯರರಲ್ಲಿ ಒಬ್ಬನೂ ಸಾಯಲಿಲ್ಲ. ಆ ಹೊಳೆಗೆ ಬಿಳಿಯರು ರಕ್ತನದಿ ಅಂತ ಹೆಸರಿಟ್ಟರು. ರಕ್ತ ಯಾರದು ಅಂತ ಹೆಸರಿನಲ್ಲಿಲ್ಲ.

ಇಷ್ಟಾದ ಮೇಲೂ ಜುಲು ರಾಜ್ಯ ನಿಂತಿತ್ತು. ಮುರಿದದ್ದು ಮರುವರ್ಷ. ಏನೂ ಆಗದವನು ಅಂತ ಬಿಟ್ಟಿದ್ದ ಎಂಪಾಂಡೆ 1839ರಲ್ಲಿ ಸುಮಾರು 17,000 ಜನರನ್ನ ಕರಕೊಂಡು ತುಗೇಲಾ ನದಿ ದಾಟಿ ಬೋಯರರ ಹತ್ತಿರ ಹೋದ. ಜುಲುಗಳು ಇದನ್ನ ಹಗ್ಗ ಹರಿದದ್ದು ಅಂತ ಕರೀತಾರೆ. ಕುಲವನ್ನೆಲ್ಲ ಕಟ್ಟಿ ಹಿಡಿದಿದ್ದ ಹಗ್ಗ ಅಲ್ಲಿ ಹರೀತು. 1840ರ ಜನವರಿಯಲ್ಲಿ ಮಕೋಂಗ್ಕೋ ಬೆಟ್ಟಗಳ ಹತ್ತಿರ ಜುಲುಗಳೇ ಜುಲುಗಳ ಮೇಲೆ ಬಿದ್ದರು. ಎಂಪಾಂಡೆ ಗೆದ್ದ. ಡಿಂಗಾನೆ ಉತ್ತರಕ್ಕೆ ಓಡಿಹೋಗಿ ಕಾಡಿನಲ್ಲಿ ಹತನಾದ. ಬೋಯರರು ಆ ಕಾಳಗದಲ್ಲಿ ಕೈಯಿಕ್ಕಲೇ ಇಲ್ಲ. ಆಮೇಲೆ ಬಂದು ಎಂಪಾಂಡೆಗೆ ರಾಜ ಅಂತ ಹೆಸರು ಕೊಟ್ಟು, 30,000ಕ್ಕೂ ಹೆಚ್ಚು ದನ ಹೊಡೆದುಕೊಂಡು ಹೋದರು. ತುಗೇಲಾದ ತೆಂಕಣ ನೆಲ ಆಗಲೇ ಅವರದಾಗಿತ್ತು, ಬಡಗಣ ನೆಲಕ್ಕೂ ಕೈ ಚಾಚಿದರು. ಮೂರು ವರ್ಷಕ್ಕೆ, 1843ರಲ್ಲಿ, ಬ್ರಿಟಿಷರು ಬಂದು ಆ ತೆಂಕಣ ನೆಲವನ್ನ ನೇಟಾಲ್ ಅಂತ ತಮ್ಮ ವಸಾಹತು ಮಾಡಿಕೊಂಡರು.

ಎಂಪಾಂಡೆಯ ಮಕ್ಕಳ ಕಾಲಕ್ಕೆ ಮತ್ತೆ ಅದೇ. ಸೆಟ್ಶ್ವಾಯೋ ಒಬ್ಬ, ಎಂಬುಯಾಜಿ ಒಬ್ಬ. ಅಪ್ಪನಿಗೆ ಎಂಬುಯಾಜಿ ಮೇಲೆ ಒಲವು. 1856ರ ಡಿಸೆಂಬರ್ 2ರಂದು ತುಗೇಲಾ ದಡದ ಎನ್‌ಡೊಂಡಕುಸುಕ ಅನ್ನೋ ಜಾಗದಲ್ಲಿ ಇಬ್ಬರೂ ಎದುರಾದರು. ಎಂಬುಯಾಜಿ ಕಡೆ ಸುಮಾರು 7,000 ಕಾದಾಳುಗಳು, ಅವರ ಬೆನ್ನಿಗೆ ಅವರ ಹೆಂಡಿರು ಮಕ್ಕಳು ಮುದುಕರು, ಜೊತೆಗೆ ದನಗಳು. ನದಿ ದಾಟಿ ನೇಟಾಲ್ ಸೇರಿಕೊಳ್ಳೋಣ ಅಂತ ಬಂದಿದ್ದ ಜನ. ನದಿ ತುಂಬಿ ಹರೀತಿತ್ತು. ಮುಂದೆ ಪ್ರವಾಹ, ಹಿಂದೆ ಎರಡು ಪಟ್ಟಿಗೂ ಮೀರಿದ ಸೆಟ್ಶ್ವಾಯೋನ ಉಸುಥು ಪಡೆ. ಎಂಬುಯಾಜಿ ಸತ್ತ, ಅವನ ಜೊತೆ ಎಂಪಾಂಡೆಯ ಇನ್ನೂ ಐದು ಗಂಡುಮಕ್ಕಳು ಸತ್ತರು. ಈ ಆರು ಜನರ ಹೆಸರು ಚರಿತ್ರೆಯಲ್ಲಿದೆ. ಈಟಿಗೂ ನೀರಿಗೂ ಸಿಕ್ಕು ಸತ್ತ ಸಾವಿರಾರು ಹೆಂಗಸರು ಮಕ್ಕಳ ಹೆಸರು ಎಲ್ಲೂ ಇಲ್ಲ. ಅಲ್ಲಿಯ ಒಂದು ಹಳ್ಳಕ್ಕೆ ಮೂಳೆಗಳ ಹಳ್ಳ ಅಂತ ಹೆಸರು ಉಳೀತು, ಅಷ್ಟೇ.

ಆ ದಿನ ಎಂಬುಯಾಜಿ ಕಡೆ ಕೋವಿ ಹಿಡಿದು ನಿಂತಿದ್ದ ಒಬ್ಬ ಬಿಳಿಯ ಹುಡುಗನ ಹೆಸರು ನೆನಪಿಡಿ: ಜಾನ್ ಡನ್. ಸೋತ ಪಕ್ಷದಿಂದ ಜೀವ ಉಳಿಸಿಕೊಂಡು ಹೋದವನು ಸ್ವಲ್ಪ ಕಾಲಕ್ಕೆ ಗೆದ್ದ ಸೆಟ್ಶ್ವಾಯೋನ ಹತ್ತಿರವೇ ಸಲಹೆಗಾರನಾಗಿ ಸೇರಿಕೊಂಡ. ನೆಲ ಸಿಕ್ಕಿತು, ದನ ಸಿಕ್ಕಿತು, ಬಂದೂಕಿನ ವ್ಯಾಪಾರ ಸಿಕ್ಕಿತು, ನಲವತ್ತಕ್ಕೂ ಮೀರಿ ಹೆಂಡಿರು ಸಿಕ್ಕರು. ಮುಂದೆ ಇವನು ಮತ್ತೆ ಬರ್ತಾನೆ.

ಸೆಟ್ಶ್ವಾಯೋಗೆ ಇನ್ನೂ ನಿದ್ದೆ ಇಲ್ಲ. ಎಂಥೋಂಗಾ ಅನ್ನೋ ಇನ್ನೊಬ್ಬ ತಮ್ಮ ಬೋಯರರ ಹತ್ತಿರ ಓಡಿಹೋಗಿದ್ದ. 1861ರಲ್ಲಿ ಅವನನ್ನ ವಾಪಸು ಪಡೆಯೋಕೆ ಸೆಟ್ಶ್ವಾಯೋ ಬೋಯರರ ಜೊತೆ ಮಾತಿಗೆ ಕೂತ. ರಕ್ತನದಿಯ ಮೂಡಲ ನೆಲ ಬಿಟ್ಟುಕೊಡ್ತೀನಿ ಅಂತ ಒಪ್ಪಿದ ಅಂತ ಬೋಯರರು ಸಾರಿದರು. ನಾನು ಒಪ್ಪಿಲ್ಲ ಅಂತ ಅವನು. ಒಬ್ಬ ತಮ್ಮನ ಭಯಕ್ಕೆ ಹುಟ್ಟಿದ ಈ ಗಡಿ ತಕರಾರು ಹದಿನೇಳು ವರ್ಷ ಹೊಗೆಯಾಡಿತು. 1878ರಲ್ಲಿ ಬ್ರಿಟಿಷರೇ ನೇಮಿಸಿದ ಆಯೋಗ ಬಹುಮಟ್ಟಿಗೆ ಜುಲುಗಳದೇ ನ್ಯಾಯ ಅಂತ ಹೇಳಿತು. ಆ ವರದಿಯನ್ನ ತಿಂಗಳುಗಟ್ಟಲೆ ಹೊರಗೆ ಬಿಡದೆ, ಕೊನೆಗೆ ಯುದ್ಧದ ಕರಾರುಗಳ ಜೊತೆ ಸೇರಿಸಿ ಕೊಟ್ಟವನು ಹೈಕಮಿಷನರ್ ಬಾರ್ಟಲ್ ಫ್ರೀಯರ್. ಈ ಫ್ರೀಯರ್ ನಮಗೆ ತೀರಾ ಹೊರಗಿನವನಲ್ಲ. 1862ರಿಂದ 1867ರವರೆಗೆ ಮುಂಬಯಿ ಗವರ್ನರ್ ಆಗಿದ್ದವನು. ಆಗ ನಮ್ಮ ಧಾರವಾಡ, ಬೆಳಗಾವಿಗಳೂ ಅವನ ಆಡಳಿತದೊಳಗೇ ಇದ್ದವು. ಒಂದೇ ಕೈ, ಎರಡು ಖಂಡ.

1879ರ ಜನವರಿಯಲ್ಲಿ ಬ್ರಿಟಿಷರು ನುಗ್ಗಿದರು. ಜನವರಿ 22ರಂದು ಇಸಾಂಡ್ಲ್ವಾನಾದಲ್ಲಿ ಜುಲು ಪಡೆ ಅವರ 1,300ಕ್ಕೂ ಹೆಚ್ಚು ಜನರನ್ನ ಒಂದೇ ದಿನ ಮಲಗಿಸಿತು. ಆ ಪಡೆಯ ಮುಂದಾಳು ಎನ್‌ಚಿಂಗ್ವಾಯೋ. ಜುಲೈ 4ರಂದು ಉಲುಂಡಿಯಲ್ಲಿ ಬ್ರಿಟಿಷರು ಗೆದ್ದು ರಾಜಧಾನಿ ಸುಟ್ಟರು, ಆಗಸ್ಟಿನಲ್ಲಿ ಸೆಟ್ಶ್ವಾಯೋನನ್ನ ಹಿಡಿದು ಕೇಪ್‌ಟೌನಿಗೆ ಸಾಗಿಸಿದರು. ಜುಲು ರಾಜ್ಯ ಅಲ್ಲಿಗೆ ಮುಗೀತು ಅಂತ ಶಾಲೆ ಪುಸ್ತಕಗಳು ಹೇಳ್ತವೆ. ಮುಗೀಲಿಲ್ಲ. ಜೆಫ್ ಗೈ ಅನ್ನೋ ಚರಿತ್ರಕಾರ 1979ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನೇ ತೋರಿಸಿದ್ದಾನೆ. ರಾಜ್ಯವನ್ನ ಮುರಿದದ್ದು ಆ ಯುದ್ಧ ಅಲ್ಲ. ಅದಾದ ಮೇಲೆ ಬಂದ ಅಂತರ್ಯುದ್ಧ.

ಹೇಗೆ ಬಂತು ನೋಡಿ. ಸೇನಾಪತಿ ವುಲ್ಸ್‌ಲಿ 1879ರ ಸೆಪ್ಟೆಂಬರ್ 1ರಂದು ಜುಲುನಾಡನ್ನ ಹದಿಮೂರು ತುಂಡು ಮಾಡಿ ಹದಿಮೂರು ಜನರಿಗೆ ಹಂಚಿದ. ಒಂದು ತುಂಡು ಜಿಬೇಬುಗೆ. ಇವನು ರಾಜವಂಶದ ಕವಲೊಡೆದ ಮಂಡ್ಲಕಾಜಿ ಮನೆಯವನು. ಒಂದು ತುಂಡು ಹಾಮುಗೆ. ಇವನು ಸೆಟ್ಶ್ವಾಯೋನ ಮಲಸೋದರ, ಯುದ್ಧದ ನಡುವೆಯೇ ಬ್ರಿಟಿಷರ ಕಡೆ ಹೋಗಿದ್ದವನು. ಎಲ್ಲಕ್ಕಿಂತ ದೊಡ್ಡ ತುಂಡು ಜಾನ್ ಡನ್‌ಗೆ. ಇಪ್ಪತ್ತು ವರ್ಷ ಸೆಟ್ಶ್ವಾಯೋನ ಅನ್ನ ಉಂಡು, ಯುದ್ಧ ಬಂದ ಕೂಡಲೆ ನದಿ ದಾಟಿದ್ದ. ಉಂಡ ಮನೆಗೆ ಎರಡು ಬಗೆದವನಿಗೆ ದೊಡ್ಡ ಎಲೆ.

ಈ ತುಂಡರಸರು ಸೋತ ರಾಜವಂಶದ ಉಸುಥು ಜನರ ದನ ಹೊಡೆಯೋಕೆ ಶುರು ಮಾಡಿದರು. ಗಲಭೆ ಎದ್ದಿತು. ಸೆಟ್ಶ್ವಾಯೋ 1882ರಲ್ಲಿ ಲಂಡನ್ನಿಗೆ ಹೋಗಿ ವಿಕ್ಟೋರಿಯಾ ರಾಣಿಯನ್ನ ಕಂಡ. 1883ರ ಜನವರಿಯಲ್ಲಿ ಅವನನ್ನ ಮತ್ತೆ ಪಟ್ಟಕ್ಕೆ ತಂದರು. ಆದರೆ ನಡುವಿನ ನೆಲ ಮಾತ್ರ ಅವನಿಗೆ. ತೆಂಕಣ ಭಾಗ ಬ್ರಿಟಿಷರ ಮೀಸಲು, ಬಡಗಣ ಭಾಗ ಜಿಬೇಬುವಿನ ಸ್ವತಂತ್ರ ನಾಡು. ಪಡೆ ಕಟ್ಟೋ ಹಾಗಿಲ್ಲ ಅಂತ ಷರತ್ತು ಬೇರೆ. ಕೈ ಕಟ್ಟಿಹಾಕಿ ಹಗೆಯ ಪಕ್ಕ ಕೂರಿಸಿದರು.

ಮಾರ್ಚ್ 30ರಂದು ಎಂಸೆಬೆ ಕಣಿವೆಯಲ್ಲಿ ಜಿಬೇಬು ಉಸುಥು ಪಡೆಯನ್ನ ಹೊಂಚುಹಾಕಿ ಕಡಿದ. ಜುಲೈ 21ರಂದು ರಾಜಧಾನಿಗೇ ನುಗ್ಗಿ ಸುಟ್ಟ. ಅಂದು ಉಸುಥುಗಳ ಐವತ್ತಕ್ಕೂ ಹೆಚ್ಚು ಹಿರಿಯರು ಸತ್ತರು. ಅವರಲ್ಲಿ ಒಬ್ಬ ಎನ್‌ಚಿಂಗ್ವಾಯೋ. ಇಸಾಂಡ್ಲ್ವಾನಾದಲ್ಲಿ ಬ್ರಿಟಿಷ್ ಸಾಮ್ರಾಜ್ಯ ಕೊಲ್ಲೋಕಾಗದೇ ಹೋದ ಮುದುಕನನ್ನ ಜುಲು ಈಟಿಯೇ ಕೊಂದಿತು. ಗಾಯಗೊಂಡ ಸೆಟ್ಶ್ವಾಯೋ ಕಾಡು ಸೇರಿ, ಆಮೇಲೆ ಬ್ರಿಟಿಷರ ಆಸರೆಯಲ್ಲಿ ಎಶೋವೆ ಅನ್ನೋ ಊರಲ್ಲಿ 1884ರ ಫೆಬ್ರವರಿ 8ರಂದು ಸತ್ತ.

ಅವನ ಮಗ ಡಿನುಜುಲು. ಮೀಸೆ ಚಿಗುರೋ ವಯಸ್ಸು, ನಿಮ್ಮ ಪಿಯುಸಿ ಹುಡುಗರ ಪ್ರಾಯ. ಅಪ್ಪನ ಹಗೆ ತೀರಿಸಬೇಕು, ಪಡೆ ಸಾಲದು. ಅಜ್ಜ ಎಂಪಾಂಡೆ ತುಳಿದ ಹಾದಿಯನ್ನೇ ಮೊಮ್ಮಗನೂ ತುಳಿದ. ಬೋಯರರನ್ನ ಕರೆದ. 1884ರ ಜೂನ್ 5ರಂದು ಎಚಾನೇನಿ ಬೆಟ್ಟದ ಬುಡದಲ್ಲಿ ಉಸುಥುಗಳು, ಬೋಯರರು ಸೇರಿ ಜಿಬೇಬುವನ್ನ ಬಡಿದರು. ಕಾಳಗಕ್ಕೆ ಬಂದಿದ್ದ ಬೋಯರರು ನೂರರ ಆಸುಪಾಸು. ನೆಲದ ಪಾಲು ಕೇಳೋಕೆ ಬಂದವರು ಹಲವು ನೂರು. ಜುಲುನಾಡಿನ ಒಳ್ಳೊಳ್ಳೆ ಹುಲ್ಲುಗಾವಲನ್ನ ಅಳೆದು ಫಾರಂ ಮಾಡಿ ಹಂಚಿಕೊಂಡರು. ಅದಕ್ಕೆ ಹೊಸ ಗಣರಾಜ್ಯ ಅಂತ ಹೆಸರಿಟ್ಟರು, ಅದರ ರಾಜಧಾನಿಗೆ ಫ್ರೈಹೈಟ್ ಅಂತ. ಅವರ ಭಾಷೆಯಲ್ಲಿ ಹಾಗಂದ್ರೆ ಸ್ವಾತಂತ್ರ್ಯ! ಕಿತ್ತುಕೊಂಡ ನೆಲದ ಮೇಲೆ ಕಟ್ಟಿದ ಊರಿಗೆ ಸ್ವಾತಂತ್ರ್ಯ ಅಂತ ಹೆಸರು. 1886ರಲ್ಲಿ ಬ್ರಿಟಿಷರು ಈ ಗಣರಾಜ್ಯವನ್ನ ಒಪ್ಪಿಕೊಂಡರು. 1887ರಲ್ಲಿ ಮಿಕ್ಕ ಜುಲುನಾಡನ್ನ ತಾವೇ ನುಂಗಿದರು.

ಗೆದ್ದವನು ಯಾರು? ಜಿಬೇಬು ಸೋತ. ಡಿನುಜುಲು ಗೆದ್ದು ಸೋತ. 1888ರಲ್ಲಿ ಬ್ರಿಟಿಷರ ವಿರುದ್ಧ ಎದ್ದ, ಸೇಂಟ್ ಹೆಲೆನಾ ದ್ವೀಪಕ್ಕೆ ಗಡೀಪಾರಾದ. 1897ರ ಕೊನೆಗೆ ತಿರುಗಿ ಬಂದಾಗ ರಾಜ ಅಲ್ಲ, ಸರ್ಕಾರದ ಸಂಬಳದ ಮುಖಂಡ. 1906ರಲ್ಲಿ ತಲೆಗಂದಾಯದ ವಿರುದ್ಧ ಬಂಬಾತಾ ಅನ್ನೋ ನಾಯಕ ದಂಗೆ ಎದ್ದ. 3,000ಕ್ಕೂ ಹೆಚ್ಚು ಕರಿಯರು ಸತ್ತರು, ಬಿಳಿಯರು ಸುಮಾರು ಮೂವತ್ತು. ಆಗ ಗಾಂಧಿ ಅಲ್ಲಿದ್ದರು. ಬ್ರಿಟಿಷರ ಪರ ಡೋಲಿ ಹೊರೋ ಭಾರತೀಯರ ಪುಟ್ಟ ದಳ ಕಟ್ಟಿ ಹೋದರು. ಬಿಳಿಯರು ಮುಟ್ಟದೇ ಬಿಟ್ಟ ಜುಲುಗಳ ಗಾಯಗಳನ್ನ ಅವರ ದಳ ತೊಳೆಯಿತು ಅನ್ನೋದೂ ನಿಜ, ಅವರು ಸೇರಿದ್ದು ಯಾರ ಪಡೆ ಅನ್ನೋದೂ ನಿಜ. ಎರಡನ್ನೂ ಹೇಳಬೇಕು. ಬಂಬಾತಾನ ಹೆಂಡತಿ ಮಕ್ಕಳಿಗೆ ಆಸರೆ ಕೊಟ್ಟ ಅಂತ ಡಿನುಜುಲುಗೆ ಮತ್ತೆ ಜೈಲಾಯ್ತು. 1910ರಲ್ಲಿ ಅವನನ್ನ ಬಿಡಿಸಿ ಟ್ರಾನ್ಸ್‌ವಾಲಿನ ಒಂದು ಫಾರಂನಲ್ಲಿ ಇಟ್ಟವನು ಹೊಸ ದಕ್ಷಿಣ ಆಫ್ರಿಕಾದ ಮೊದಲ ಪ್ರಧಾನಿ ಲೂಯಿ ಬೋಥಾ. ಇದೇ ಬೋಥಾ 1884ರಲ್ಲಿ ಡಿನುಜುಲುವಿನ ಪರ ಬಂದ ಬೋಯರರ ಗುಂಪಿನಲ್ಲಿದ್ದ ಹುಡುಗ. ನೆಲ ಪಡೆದವನು ಪ್ರಧಾನಿಯಾದ, ನೆಲ ಕೊಟ್ಟವನು ಅವನ ದಯೆಯ ಮೇಲೆ ಬದುಕಿದ. 1913ರ ಜೂನಿನಲ್ಲಿ ಬೋಥಾ ಸರ್ಕಾರ ಭೂಕಾಯಿದೆ ತಂದು ದೇಶದ ಸುಮಾರು 7 ಶೇಕಡಾ ನೆಲ ಮಾತ್ರ ಕರಿಯರಿಗೆ ಅಂತ ಗೆರೆ ಎಳೆಯಿತು. ಅದೇ ಅಕ್ಟೋಬರಿನಲ್ಲಿ ಡಿನುಜುಲು ಸತ್ತ.

ಗೆಳೆಯರೆ, ಎರಡು ಬೆಕ್ಕು, ಒಂದು ಕೋತಿ, ಬೆಣ್ಣೆ ಹಂಚಿದ ಕಥೆ ನಾವೆಲ್ಲ ಚಿಕ್ಕವರಿದ್ದಾಗ ಕೇಳಿದ್ದೀವಿ. ಅದರಲ್ಲಿ ಬೆಕ್ಕುಗಳು ದಡ್ಡವು. ಇಲ್ಲಿ ಯಾರೂ ದಡ್ಡರಲ್ಲ. ಎಂಪಾಂಡೆಗೆ ಜೀವದ ಭಯ. ಡಿನುಜುಲುಗೆ ಅಪ್ಪನ ಸಾವಿನ ಉರಿ. ಆವತ್ತಿನ ಲೆಕ್ಕಕ್ಕೆ ಇಬ್ಬರೂ ಸರಿಯೇ. ಪ್ರತಿಯೊಬ್ಬನೂ ತನ್ನ ದಿನದ ಲೆಕ್ಕ ಸರಿಯಾಗಿ ಮಾಡಿದ. ನೂರು ವರ್ಷದ ಲೆಕ್ಕ ಬರೆದವನು ಮೂರನೆಯವನು.

ಹಾಗಂತ ರಾಜರನ್ನ ತಲೆ ಮೇಲೆ ಹೊತ್ತು ಕುಣಿಯೋದೂ ಬೇಡ. 1876ರಲ್ಲಿ ಸೆಟ್ಶ್ವಾಯೋ ಒಂದು ವಯಸ್ಸಿನ ಹುಡುಗಿಯರಿಗೆಲ್ಲ ಹಿರಿಯ ಪಡೆಯ ಗಂಡಸರನ್ನ ಮದುವೆಯಾಗಿ ಅಂತ ಅಪ್ಪಣೆ ಮಾಡಿದ. ಒಪ್ಪದ ಹುಡುಗಿಯರಲ್ಲಿ ಕೆಲವರನ್ನ ಕೊಲ್ಲಿಸಿದ. ಬಿಳಿಯನ ವಿರುದ್ಧ ನಿಂತ ಅಂದ ಮಾತ್ರಕ್ಕೆ ಈ ಹೆಣಗಳನ್ನ ಮುಚ್ಚಿಡೋಕಾಗಲ್ಲ.

ಇದು ಹಳೇ ಕಥೆ ಅನ್ನಬೇಡಿ. 1980ರ ದಶಕದಲ್ಲಿ ಅದೇ ನೆಲದಲ್ಲಿ ಮತ್ತೆ ಅಂತರ್ಯುದ್ಧ ಆಯ್ತು. ಒಂದು ಕಡೆ ಬುಥೆಲೆಜಿಯ ಇಂಕಾಥಾ. ಬುಥೆಲೆಜಿಯ ತಾಯಿ ಡಿನುಜುಲುವಿನ ಮಗಳು. ಇನ್ನೊಂದು ಕಡೆ ಎಎನ್‌ಸಿ ಪರವಾದ ಸಂಯುಕ್ತ ಪ್ರಜಾಸತ್ತಾತ್ಮಕ ರಂಗ. ಸತ್ತವರು 10,000ಕ್ಕೂ ಮೇಲೆ, ಎರಡೂ ಕಡೆ ಬಹುಪಾಲು ಜುಲು ಮಾತಾಡೋರೇ. ಬಿಳಿ ಸರ್ಕಾರ 1986ರಲ್ಲಿ ಸುಮಾರು 200 ಇಂಕಾಥಾ ಯುವಕರಿಗೆ ಕಪ್ರೀವಿಯಲ್ಲಿ ಗುಟ್ಟಾಗಿ ಸೇನಾ ತರಬೇತಿ ಕೊಟ್ಟಿತ್ತು. ಇಂಕಾಥಾದ ಸಭೆಗಳಿಗೆ ಪೊಲೀಸರು ಗುಟ್ಟಾಗಿ ಹಣ ಕೊಟ್ಟದ್ದು 1991ರಲ್ಲಿ ಬಯಲಾಯ್ತು. ಪತ್ರಿಕೆಗಳು ಕರಿಯರು ಕರಿಯರನ್ನೇ ಕೊಲ್ತಾರೆ ಅಂತ ಬರೆದವು. ಮೂರನೆಯವನು ಫೋಟೋದೊಳಗೆ ಇರಲಿಲ್ಲ.

ಅಲ್ಲಿ ಹಾಸ್ಟೆಲ್ ಅನ್ನೋ ಮಾತಿಗೂ ಬೇರೆ ಅರ್ಥ ಇದೆ. ಹಳ್ಳಿಯಿಂದ ಗಣಿಗೆ, ಕಾರ್ಖಾನೆಗೆ ಬಂದ ಗಂಡಾಳುಗಳನ್ನ ಹೆಂಡಿರು ಮಕ್ಕಳಿಲ್ಲದೆ ತುಂಬಿಡೋ ದೊಡ್ಡಿ ಅದು. 1990ರಿಂದಾಚೆಗೆ ಜೋಹಾನ್ಸ್‌ಬರ್ಗಿನ ಸುತ್ತ ಈ ಹಾಸ್ಟೆಲಿನ ಜುಲುಗಳನ್ನ ಪಕ್ಕದ ಕೇರಿಗಳ ಮೇಲೆ ಎತ್ತಿಕಟ್ಟಿದರು. 1992ರ ಜೂನ್ 17ರ ರಾತ್ರಿ ಒಂದು ಹಾಸ್ಟೆಲಿನಿಂದ ಹೊರಟ ಗುಂಪು ಬೊಯಿಪಟಾಂಗ್ ಕೇರಿಯಲ್ಲಿ 45 ಜನರನ್ನ ಕೊಂದಿತು. ಕೊಂದವನೂ ಕೂಲಿ, ಸತ್ತವನೂ ಕೂಲಿ. ನಾವೂ ಹಾಸ್ಟೆಲಿನಲ್ಲಿ ಬೆಳೆದವರು. ಒಂದು ಸೂರಿನ ಕೆಳಗೆ ಇರೋರನ್ನ ಹೇಗೆ ಎತ್ತಿಕಟ್ಟಬಹುದು ಅನ್ನೋದು ನಮಗೆ ತಿಳಿದಿರಬೇಕು.

ಇವನ್ನೆಲ್ಲ ಬರೆದಿಟ್ಟವರು ಬಿಳಿಯರು ಮಾತ್ರ ಅಂತಲೂ ತಿಳೀಬೇಡಿ. ಮಗೇಮಾ ಫೂಜೆ ಅನ್ನೋ ಜುಲು ಒಬ್ಬ ಮಿಷನ್ ಅಚ್ಚುಕೂಟದಲ್ಲಿ ಮೊಳೆ ಜೋಡಿಸೋದು ಕಲಿತ. ಗಡೀಪಾರಾಗಿದ್ದ ಡಿನುಜುಲುವಿನ ಹತ್ತಿರ ಸೇಂಟ್ ಹೆಲೆನಾಕ್ಕೂ ಹೋಗಿಬಂದ. ಕರಿಯ ಜನ ಎಲ್ಲಿಂದ ಬಂದರು ಅಂತ ಜುಲು ಭಾಷೆಯಲ್ಲೇ ಪುಸ್ತಕ ಬರೆದ. ಅದು ಅಚ್ಚಾದದ್ದು 1922ರಲ್ಲಿ. ಸ್ಟೆನ್ಸಿಲ್ ಕೊಯ್ದು ಕೈ ಮಸಿ ಮಾಡಿಕೊಳ್ಳೋ ನಮಗೆ ಅವನು ನೆಂಟ.

ಕೊನೆಗೆ ಇತ್ತೀಚಿನ ಮಾತು. 2021ರ ಮಾರ್ಚ್ 12ರಂದು ಜುಲು ರಾಜ ಗುಡ್‌ವಿಲ್ ಜ್ವೆಲಿಥಿನಿ ಸತ್ತ. ಮತ್ತೆ ಪಟ್ಟದ ತಕರಾರು. ಈ ಸಲ ಈಟಿ ಇಲ್ಲ, ವಕೀಲರಿದ್ದಾರೆ. 2022ರ ಅಕ್ಟೋಬರಿನಲ್ಲಿ ಅಧ್ಯಕ್ಷ ರಾಮಫೋಸಾ ಮಗ ಮಿಸುಜುಲುಗೆ ಮಾನ್ಯತೆಯ ಪತ್ರ ಕೊಟ್ಟರು. 2023ರ ಡಿಸೆಂಬರಿನಲ್ಲಿ ಪ್ರಿಟೋರಿಯಾ ಹೈಕೋರ್ಟು ಆ ಮಾನ್ಯತೆ ಕ್ರಮಬದ್ಧ ಅಲ್ಲ ಅಂದಿತು. ವ್ಯಾಜ್ಯ ಮೇಲ್ಮನವಿಗೆ ಹೋಯಿತು. ಪಟ್ಟದ ಜೊತೆ ಬರೋದು ಬರೀ ಚಿರತೆ ಚರ್ಮ ಅಲ್ಲ. 1994ರಲ್ಲಿ ಚುನಾವಣೆಗೆ ಕೆಲವೇ ದಿನ ಮೊದಲು ಕಟ್ಟಿದ ಇಂಗೊನ್ಯಾಮಾ ಟ್ರಸ್ಟಿನ ಹೆಸರಲ್ಲಿ ಸುಮಾರು 28 ಲಕ್ಷ ಹೆಕ್ಟೇರ್ ನೆಲ ಇದೆ. ಅದರ ಟ್ರಸ್ಟಿ ರಾಜ.

ಆ ನೆಲದ ಮೇಲೆ ತಲೆತಲಾಂತರದಿಂದ ಬಾಳಿದವರಿಗೇ ಟ್ರಸ್ಟು ನೀವು ಗೇಣಿದಾರರು ಅಂತ ಕಾಗದ ಮಾಡಿಸಿ ವರ್ಷವರ್ಷ ಬಾಡಿಗೆ ಕೇಳಿತ್ತು. ಹಳ್ಳಿ ಹೆಂಗಸರ ಒಂದು ಸಂಘಟನೆಯೂ ಇನ್ನು ಕೆಲವರೂ ಸೇರಿ ಕೋರ್ಟಿಗೆ ಹೋದರು. 2021ರ ಜೂನಿನಲ್ಲಿ, ರಾಜ ಸತ್ತು ಮೂರು ತಿಂಗಳಿಗೆ, ಪೀಟರ್‌ಮಾರಿಟ್ಸ್‌ಬರ್ಗ್ ಹೈಕೋರ್ಟು ಇದು ಕಾನೂನುಬಾಹಿರ, ಕಟ್ಟಿಸಿಕೊಂಡ ದುಡ್ಡು ವಾಪಸು ಕೊಡಿ ಅಂತ ತೀರ್ಪು ಕೊಟ್ಟಿತು.

ಇನ್ನೂರು ವರ್ಷ ಅಣ್ಣತಮ್ಮಂದಿರು ಕೇಳಿದ ಪ್ರಶ್ನೆ ಒಂದೇ: ಪಟ್ಟ ಯಾರದು? ಆ ಪ್ರಶ್ನೆಗೆ ಯಾರು ಉತ್ತರ ಹೇಳಿದರೂ ನೆಲ ಕೈಬಿಟ್ಟು ಹೋಯಿತು. ಎನ್‌ಡೊಂಡಕುಸುಕದ ನೀರಿನಲ್ಲಿ ಹೆಸರಿಲ್ಲದೆ ಹೋದ ಹೆಂಗಸರ ಮೊಮ್ಮಕ್ಕಳಂಥವರು ಬಂದು ಬೇರೆ ಪ್ರಶ್ನೆ ಕೇಳಿದರು: ನೆಲ ಯಾರದು? ನಮ್ಮ ಸಂಘದಲ್ಲಿ ಮುಂದೆ ಯಾವ ಜಗಳ ಬಂದರೂ ಇದರಲ್ಲಿ ಯಾವ ಪ್ರಶ್ನೆ ಕೇಳ್ತಿದ್ದೀವಿ ಅಂತ ಮೊದಲು ನೋಡಿಕೊಳ್ಳೋಣ.

ಜೈ ಭೀಮ್.